ಗುಣಸಂಧಿಯಲ್ಲಿ ನಿಂತುಹೋದ ಪಾಠ

‘ಭಯೋತ್ಪಾದನೆ’ ಎಂಬ ಪದವನ್ನು ಬಿಡಿಸಿ ಬರೆಯುವುದು ಕನ್ನಡ ವಿದ್ಯಾರ್ಥಿಗೆ ಕಷ್ಟವಲ್ಲ. ಭಯ + ಉತ್ಪಾದನೆ, ಗುಣಸಂಧಿ, ಒಂದು ಅಂಕ. ಉತ್ತರ ಸರಿಯಾಗಿದೆ. ಆದರೆ ಉತ್ಪಾದನೆ ಎಂದ ಮೇಲೆ ಉತ್ಪಾದಕನಿರಬೇಕು, ಕಚ್ಚಾವಸ್ತು ಇರಬೇಕು, ಸರಕು ತಲುಪಬೇಕಾದ ಜನರೂ ಇರಬೇಕು. ಭಯವನ್ನು ಯಾರು, ಯಾವುದರಿಂದ, ಯಾರಿಗಾಗಿ ತಯಾರಿಸುತ್ತಾರೆ ಎಂಬ ಪ್ರಶ್ನೆ ಏಳುವಷ್ಟರಲ್ಲಿ ಪಾಠ ಮುಂದಿನ ಸಂಧಿಗೆ ಸಾಗಿರುತ್ತದೆ. ದೇಶದ ಬಹುದೊಡ್ಡ ದುರಂತಗಳ ವಿಷಯದಲ್ಲಿ ತರಗತಿಯ ನಡವಳಿಕೆ ಇಷ್ಟೇ ಆಗಿದೆ.

2008ರ ನವೆಂಬರ್ 26ರ ರಾತ್ರಿ ಸಮುದ್ರಮಾರ್ಗವಾಗಿ ಬಂದ ಹತ್ತು ಮಂದಿ ಮುಂಬಯಿಯಲ್ಲಿ ನಡೆಸಿದ ದಾಳಿಯಲ್ಲಿ 166 ಜನ ಸತ್ತರು. ಇಂದು ಪದವಿ ತರಗತಿಯಲ್ಲಿ ಕುಳಿತಿರುವವರು ಆಗ ತೊಟ್ಟಿಲ ಕೂಸುಗಳು. ಅವರ ಪಾಲಿಗೆ ಅದು ನೆನಪಲ್ಲ, ಇತಿಹಾಸ. ಆ ಇತಿಹಾಸವನ್ನು ಅವರು ಕಲಿತದ್ದಾದರೂ ಎಲ್ಲಿ? ಸಿನಿಮಾಗಳಲ್ಲಿ, ಮೊಬೈಲಿನ ತುಣುಕುಗಳಲ್ಲಿ. ಅದೇ ದಿನಾಂಕದಂದು ಕಾಲೇಜುಗಳಲ್ಲಿ ಸಂವಿಧಾನ ದಿನ ನಡೆಯುತ್ತದೆ, ಪೀಠಿಕೆಯನ್ನು ಓದಿಸಲಾಗುತ್ತದೆ. ನೆನಪಾದರೆ ಎರಡು ನಿಮಿಷ ಮೌನ, ಬಳಿಕ ಒಂದು ಭಾಷಣ. ಮೌನ ಶ್ರದ್ಧಾಂಜಲಿಯಾಗಬಹುದು, ಪಾಠವಾಗಲಾರದು.

ಈ ಮೌನಕ್ಕೆ ಅಧ್ಯಾಪಕ ವರ್ಗ ಕೊಡುವ ಸಮರ್ಥನೆಗಳು ಪರಿಚಿತವೇ: ವಿಷಯ ಸೂಕ್ಷ್ಮ, ಪಠ್ಯಕ್ರಮದಲ್ಲಿಲ್ಲ, ಅದು ರಾಜ್ಯಶಾಸ್ತ್ರದವರ ಕೆಲಸ. ಈ ಸಮರ್ಥನೆಗಳ ಹಿಂದೆ ಇರುವುದು ವಿವೇಕವಲ್ಲ, ಅಂಜಿಕೆ. 2005ರ ಡಿಸೆಂಬರ್ 28ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ, ವಿದ್ವತ್ ಸಮ್ಮೇಳನಕ್ಕೆ ಬಂದವರ ಮೇಲೆ ಗುಂಡು ಹಾರಿತು. ದೆಹಲಿ ಐಐಟಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ಅಸುನೀಗಿದರು. ವಿಚಾರಸಂಕಿರಣದ ಬಾಗಿಲಿಗೇ ಬಂದ ಸಾವನ್ನು ಕುರಿತು ವಿಚಾರಸಂಕಿರಣ ನಡೆಸುವವರೇ ಬಾಯಿ ಬಿಡದಿದ್ದರೆ ಮತ್ತಾರು ಮಾತನಾಡಬೇಕು? ಅಧ್ಯಾಪಕ ಬಿಟ್ಟ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಅದನ್ನು ಮೊಬೈಲು ತುಂಬುತ್ತದೆ, ಮತ್ತು ಅದು ಯಾವ ಪಠ್ಯಕ್ರಮಕ್ಕೂ ಕಾಯುವುದಿಲ್ಲ.

ಮೌನಿಗಳ ಎದುರು ಬದಿಯಲ್ಲಿ ಆವೇಶದವರಿದ್ದಾರೆ. ಅವರ ಪಾಠದಲ್ಲಿ ದುರಂತವೆಂಬುದು ಸಿಟ್ಟಿಗೆ ಸೌದೆ. ಹತ್ತು ಮಂದಿಯ ಅಪರಾಧವನ್ನು ಒಂದಿಡೀ ಸಮುದಾಯದ ಹಣೆಗೆ ಅಂಟಿಸಿದರೆ ಅವರ ಪಾಠ ಮುಗಿಯಿತು. ಅವರು ಹೇಳದೆ ಬಿಡುವ ಸಂಗತಿಗಳೂ ಇತಿಹಾಸವೇ. ಸತ್ತ ಒಂಬತ್ತು ದಾಳಿಕೋರರನ್ನು ಹೂಳಲು ಮುಂಬಯಿಯ ಮುಸ್ಲಿಂ ಖಬರಸ್ತಾನದ ಆಡಳಿತ ನೆಲ ಕೊಡಲಿಲ್ಲ. ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಗುಂಡಿಗೆ ಬಿದ್ದವರಲ್ಲಿ ಎಲ್ಲ ಧರ್ಮದ ಬಡ ಪ್ರಯಾಣಿಕರಿದ್ದರು. ಸಂಚಿನ ಆರೋಪ ಹೊತ್ತ ಇಬ್ಬರು ಭಾರತೀಯರನ್ನು ಸಾಕ್ಷ್ಯ ಸಾಲದೆಂದು ನ್ಯಾಯಾಲಯ ಬಿಡುಗಡೆ ಮಾಡಿತು. ಇವನ್ನು ಮುಚ್ಚಿಟ್ಟು ಹೇಳುವ ಪಾಠ ದೇಶಭಕ್ತಿಯ ಪಾಠವಲ್ಲ. ಭಯವನ್ನು ಉತ್ಪಾದಿಸಿದವನ ಸರಕನ್ನೇ ತರಗತಿಯಲ್ಲಿ ಹಂಚುವ ಕೆಲಸ. ಜನ ಒಬ್ಬರನ್ನೊಬ್ಬರು ಶಂಕಿಸಲಿ ಎಂಬುದೇ ಅವನಿಗೂ ಬೇಕಾದದ್ದು.

ಹಾಗಾದರೆ ಕನ್ನಡ ಅಧ್ಯಾಪಕ ಮಾಡಬೇಕಾದುದೇನು? ಅವನ ಕೆಲಸವೇ ಪಠ್ಯವನ್ನು ಓದಿಸುವುದು. 2012ರ ಆಗಸ್ಟ್ 29ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಅಂಥದೊಂದು ಪಠ್ಯ. ಗಡಿಯಾಚೆ ಕುಳಿತವರು ದಾಳಿಕೋರರಿಗೆ ಫೋನಿನಲ್ಲಿ ಕೊಡುತ್ತಿದ್ದ ಆದೇಶಗಳು ಅದರಲ್ಲಿ ದಾಖಲಾಗಿವೆ. ಕಾರ್ಯಾಚರಣೆಯನ್ನು ನೇರಪ್ರಸಾರ ಮಾಡಿದ ಟಿ.ವಿ. ವಾಹಿನಿಗಳನ್ನೂ ತೀರ್ಪು ಖಂಡಿಸಿದೆ. ಎದುರಿಗಿರುವ ಮನುಷ್ಯನನ್ನು ಮೊದಲು ಮಾತಿನಲ್ಲಿ ಅಳಿಸಿ ಬಳಿಕ ಗುಂಡಿನಿಂದ ಅಳಿಸುವ ಭಾಷೆಯನ್ನು ಬಿಡಿಸಿ ತೋರಿಸಲು ಸಾಹಿತ್ಯದ ತರಗತಿಗಿಂತ ತಕ್ಕ ಜಾಗ ಯಾವುದು?

ಈ ಓದಿಗೆ ಬೇಕಾದ ಕಣ್ಣು ಹಳಗನ್ನಡದಲ್ಲೇ ಇದೆ. ಜನ್ನನ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಕಡಿಯುವುದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಫಲ ತಾಯಿ ಮಗ ಇಬ್ಬರನ್ನೂ ಜನ್ಮಜನ್ಮಾಂತರ ಬೆನ್ನಟ್ಟುತ್ತದೆ. ‘ಹಿಟ್ಟಿನ ಕೋಳಿಗೆ ಇಷ್ಟು ಶಿಕ್ಷೆಯೇ?’ ಎಂದು ಪ್ರತಿವರ್ಷವೂ ವಿದ್ಯಾರ್ಥಿಗಳು ನಗುತ್ತಾರೆ. ಆಯುಧ ಮುಟ್ಟದೆ, ದೂರದ ಕೋಣೆಯಲ್ಲಿ ಕುಳಿತು, ಬರಿಯ ಮಾತಿನಿಂದ ಕೊಲ್ಲಿಸಿದವರನ್ನು ಆ ತೀರ್ಪಿನ ಪುಟಗಳಲ್ಲಿ ಕಂಡ ಮೇಲೆ ಯಾರೂ ನಗಲಾರರು.

ರನ್ನನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ದ್ರೋಣ, ದುಶ್ಶಾಸನ, ಕರ್ಣರ ಬಳಿ ಒಬ್ಬೊಬ್ಬರ ಮುಂದೆಯೂ ನಿಂತು ಮರುಗುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿಗೂ ಕೈಮುಗಿಯುತ್ತಾನೆ. ಅಲ್ಲಿ ಸತ್ತವರು ಆಯುಧ ಹಿಡಿದವರು. ಮುಂಬಯಿಯಲ್ಲಿ ಸತ್ತವರು ರೈಲಿಗೆ ಕಾಯುತ್ತಿದ್ದವರು. ಯುದ್ಧಕ್ಕೂ ಭಯೋತ್ಪಾದನೆಗೂ ಇರುವ ಈ ಅಂತರವೂ ಪಾಠವೇ. ಆದರೆ ರನ್ನ ಕಲಿಸುವುದು ಅದಕ್ಕಿಂತ ಮಿಗಿಲಾದುದನ್ನು: ಸತ್ತವರನ್ನು ಲೆಕ್ಕ ಹಾಕಬಾರದು, ಹೆಸರು ಹಿಡಿದು ಕರೆಯಬೇಕು. ಹಾಗೆ ಕರೆಯಬೇಕಾದ ಹೆಸರು ತುಕಾರಾಂ ಓಂಬ್ಳೆ. ಕಸಬನ ಬಂದೂಕಿನ ನಳಿಗೆಯನ್ನು ಬರಿಗೈಯಲ್ಲಿ ಬಿಗಿಹಿಡಿದು ಪ್ರಾಣ ಕೊಟ್ಟ ಸಹಾಯಕ ಸಬ್ ಇನ್‌ಸ್ಪೆಕ್ಟರ್ ಅವರು. ಧ್ವನಿವರ್ಧಕದಲ್ಲಿ ಪ್ರಯಾಣಿಕರಿಗೆ ಹೊರದಾರಿ ಹೇಳುತ್ತಲೇ ಇದ್ದ ರೈಲ್ವೆ ಉದ್ಘೋಷಕ ವಿಷ್ಣು ಝೆಂಡೆ, ಕಾಮಾ ಆಸ್ಪತ್ರೆಯಲ್ಲಿ ಇಪ್ಪತ್ತು ಗರ್ಭಿಣಿಯರನ್ನು ಕಾಪಾಡಿದ ಶುಶ್ರೂಷಕಿ ಅಂಜಲಿ ಕುಲ್ಥೆ ಕೂಡ ಕೇವಲ ತಂತಮ್ಮ ಕೆಲಸ ಮಾಡಿದವರೇ.

ಕೊಂದವನ ಭಾಷೆಯನ್ನು ಓದಿಸಿದರೆ ಅವನಿಗೆ ಮನ್ನಣೆ ಕೊಟ್ಟಂತಾಗದೆ ಎಂಬ ಆಕ್ಷೇಪ ಬರುತ್ತದೆ. ಅರಿಯುವುದೆಂದರೆ ಕ್ಷಮಿಸುವುದಲ್ಲ. ಜಗತ್ತೇ ಕಣ್ಣಾರೆ ಕಂಡ ಅಪರಾಧಕ್ಕೂ ಈ ದೇಶ ಆರೋಪಿಗೆ ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಕೊಟ್ಟಿತು, ಸಾಕ್ಷ್ಯ ಕೇಳಿತು, ಮೂರು ಹಂತದ ನ್ಯಾಯಾಲಯಗಳಲ್ಲಿ ಪರಿಶೀಲಿಸಿತು, ಅನಂತರವೇ, 2012ರ ನವೆಂಬರ್ 21ರಂದು, ಶಿಕ್ಷೆ ಜಾರಿಯಾಯಿತು. ನ್ಯಾಯಾಲಯ ತೋರಿದ ಆ ತಾಳ್ಮೆಯನ್ನು ತರಗತಿ ಒಂದು ಗಂಟೆಯ ಮಟ್ಟಿಗೂ ತೋರಲಾರದೆ? ನವೆಂಬರ್ 26ರಂದು ಓದುವ ಪೀಠಿಕೆಯಲ್ಲಿ ‘ನ್ಯಾಯ’ ಎಂಬ ಪದವಿದೆ. ಅದರ ಅರ್ಥ ವಿಸ್ತರಿಸಲು ಅದೇ ದಿನಾಂಕದ ಘಟನೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಪದವನ್ನು ಬಿಡಿಸುವುದು ವ್ಯಾಕರಣ. ಬಿಡಿಸಿದ ಪದದೊಳಗೆ ಇಣುಕುವುದು ಶಿಕ್ಷಣ. ಒಂದು ಅಂಕಕ್ಕೆ ತೃಪ್ತನಾದ ಅಧ್ಯಾಪಕನ ವಿದ್ಯಾರ್ಥಿ ನಾಳೆ ಯಾರೋ ತಯಾರಿಸಿದ ಭಯವನ್ನು ಪ್ರಶ್ನಿಸದೆ ಕೊಂಡರೆ, ಆ ಹೊಣೆಯಿಂದ ಕನ್ನಡ ವಿಭಾಗಗಳು ನುಣುಚಿಕೊಳ್ಳಲಾರವು.