ಮನೆಯ ಹಾಡು ಮೂಕವಾಗಬಾರದು

ಸಂಕ್ರಾಂತಿಗೆ ಹತ್ತಿರದ ದಿನಗಳಲ್ಲಿ, ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿರುವ ನಮ್ಮ ಬಂಧುಗಳ ಮನೆಯಲ್ಲಿ ಒಂದು ಸಂಜೆಯನ್ನು ಕಳೆಯುವ ಯೋಗವು ನಮಗೊದಗಿತ್ತು. ಸೊಗಡವರೆಯ ಕಾಲವದು. ಮನೆಯ ಹೆಂಗಸರು ನಡುಮನೆಯಲ್ಲಿ ಕುಳಿತು ನೆನೆದ ಅವರೆಕಾಳನ್ನು ಹಿತುಕುತ್ತಿದ್ದರು. ಆರು ವರ್ಷದ ಹುಡುಗಿಯೊಬ್ಬಳು ಮೂಲೆಯಲ್ಲಿ ಮೊಬೈಲನ್ನು ಹಿಡಿದು, ಅದರೊಳಗಿನ ಇಂಗ್ಲಿಷ್ ಹಾಡೊಂದನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಅಷ್ಟರಲ್ಲಿ ವಿದ್ಯುತ್ತು ಹೋಯಿತು. ಸ್ವಲ್ಪ ಹೊತ್ತಿಗೆ ಮೊಬೈಲೂ ಆರಿತು. ಕತ್ತಲಲ್ಲಿ ಮಗುವು ಅಳಲಾರಂಭಿಸಲು, ಅಜ್ಜಿಯವರು ಕೈಕೆಲಸವನ್ನು ಬಿಡದೆಯೇ ಒಂದು ಪದವನ್ನು ಎತ್ತಿಕೊಂಡರು. ಎರಡು ನುಡಿ ಮುಗಿಯುವಷ್ಟರಲ್ಲಿ ಮಗುವು ಅವರ ಮಗ್ಗುಲಿಗೆ ಬಂದಿತ್ತು. ನಾಲ್ಕನೆಯ ನುಡಿಗೆ ತಾನೂ ಕಾಳು ಹಿತುಕುತ್ತ ಸೊಲ್ಲಿನ ಕೊನೆಗೆ ದನಿಗೂಡಿಸುತ್ತಿತ್ತು. ದೀಪವು ಮರಳಿ ಹೊತ್ತಿದೊಡನೆ ತಾಯಿಯು, "ಅತ್ತೆ, ಸಾಕು ಬಿಡಿ, ನಾಳೆಗೆ ಇವಳು ಪದ್ಯ ಬಾಯಿಪಾಠ ಮಾಡಬೇಕು" ಎಂದರು. ಅಜ್ಜಿಯವರು ನಿಲ್ಲಿಸಿದರು. ಮಗುವು ಪುಸ್ತಕವನ್ನು ತೆರೆದು ಆಕಳಿಸಿತು.

ಪದ್ಯವನ್ನು ಕಲಿಸುವುದಕ್ಕಾಗಿ ಹಾಡನ್ನು ನಿಲ್ಲಿಸಿದ ಈ ಪ್ರಸಂಗವು ಒಂದು ಮನೆಯದಲ್ಲ. ಆ ತಾಯಿಯನ್ನು ದೂರುವ ಅಧಿಕಾರವೂ ನಮಗಿಲ್ಲ. ಏಕೆಂದರೆ ಇದೇ ಅಪರಾಧದಲ್ಲಿ ನಾವೇ ಮೊದಲನೆಯ ಆಪಾದಿತರು. ನಮ್ಮ ತಾಯಿಯವರು ರಾಗಿ ಬೀಸುವ ಪದಗಳನ್ನು ಬಲ್ಲವರಾಗಿದ್ದರು. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದ ಮೇಲೂ ಅಡಿಗೆಮನೆಯಲ್ಲಿ ಅವುಗಳನ್ನು ಹಾಡಿಕೊಳ್ಳುತ್ತಿದ್ದರು. ನಾವು ವಕೀಲಿಯನ್ನು ಆರಂಭಿಸಿದ ದಿನಗಳಲ್ಲಿ, ಕಕ್ಷಿಗಾರರು ಪಡಸಾಲೆಯಲ್ಲಿ ಕುಳಿತಿರುವಾಗ ಒಳಗಿನಿಂದ ಆ ಹಳ್ಳಿಯ ಪದಗಳು ಕೇಳಿಸಿದುದಕ್ಕೆ ನಾಚಿಕೊಂಡು, ಮೆಲ್ಲಗೆ ಹಾಡುವಂತೆ ಹೇಳಿಕಳುಹಿಸಿದೆವು. ಅವರು ಮೆಲ್ಲಗೆ ಹಾಡಲಿಲ್ಲ, ಹಾಡುವುದನ್ನೇ ಬಿಟ್ಟರು. ಇಂದು ಅವರಿಲ್ಲ. ಅಜ್ಜಿ ಏನು ಹಾಡುತ್ತಿದ್ದರೆಂದು ನಮ್ಮ ಮಗಳು ಕೇಳಿದರೆ, ಒಂದೂವರೆ ಪದದ ಹೊರತು ನಮ್ಮಲ್ಲಿ ಬೇರೆ ಸಾಕ್ಷ್ಯವಿಲ್ಲ.

ಧಾರವಾಡದ ಅಂಬಾಬಾಯಿಯವರೂ ಹಾಡುವುದನ್ನು ಬಿಟ್ಟವರೇ. ಕರ್ನಾಟಕ ಸಂಗೀತವನ್ನು ಬಲ್ಲ ಆ ತಾಯಿಯು, ಮಗಳು ಹಿಂದೂಸ್ತಾನಿ ಪದ್ಧತಿಯನ್ನು ಹಿಡಿದಾಗ, ತನ್ನ ಸ್ವರವು ಅವಳ ಅಭ್ಯಾಸಕ್ಕೆ ಅಡ್ಡಿಯಾಗಬಾರದೆಂದು ತನ್ನ ಸಂಗೀತವನ್ನೇ ತ್ಯಜಿಸಿದರೆಂಬುದು ಪ್ರಸಿದ್ಧವಾಗಿದೆ. ಆ ಮಗಳೇ ೧೯೨೪ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಬಾಲಕಿಯಾಗಿ ಹಾಡಿದ ಗಂಗೂಬಾಯಿ ಹಾನಗಲ್ಲರು. ಅಲ್ಲಿ ತಾಯಿಯು ಮಗುವಿನ ಸಂಗೀತಕ್ಕಾಗಿ ಮೌನವಾದರು. ನಮ್ಮ ಮನೆಗಳಲ್ಲಿ ತಾಯಂದಿರು ನಮ್ಮ ನಾಚಿಕೆಗಾಗಿ ಮೌನವಾಗುತ್ತಿರುವರು. ಮೌನ ಒಂದೇ, ಫಲದಲ್ಲಿ ಎಷ್ಟು ಅಂತರ!

ನಾಚಿಕೊಳ್ಳಲು ಕಾರಣವಾದರೂ ಏನಿದೆ? ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ಬಾಯಿಂದ ಬರೆದುಕೊಂಡ ತ್ರಿಪದಿಗಳು ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಗ್ರಂಥವಾಗಿ ಹೊರಬಂದಾಗ ಪಂಡಿತರೇ ತಲೆದೂಗಿದರು. ಮಕ್ಕಳ ಕವಿತೆಯಲ್ಲಿಯೂ ನಾವು ಬಡವರಲ್ಲ. ಪಾಠಶಾಲೆಗಳ ಇನ್‌ಸ್ಪೆಕ್ಟರರಾಗಿದ್ದ ಪಂಜೆ ಮಂಗೇಶರಾಯರು (೧೮೭೪–೧೯೩೭) ತಮ್ಮ ಪದ್ಯಗಳನ್ನು ಕುಣಿದು ಹಾಡುವುದಕ್ಕೆಂದೇ ಕಟ್ಟಿದರು. 'ತುತ್ತೂರಿ'ಯ ಕರ್ತೃಗಳಾದ ಜಿ. ಪಿ. ರಾಜರತ್ನಂ ಅವರು ಮಾಗಡಿಗೆ ನೆರೆಯದಾದ ರಾಮನಗರದಲ್ಲಿಯೇ ಜನಿಸಿದವರು. ಚನ್ನಪಟ್ಟಣದ ಗಿಲಕಿಯನ್ನು ತೊಟ್ಟಿಲಿಗೆ ಕಟ್ಟಿ ಹೆಮ್ಮೆಪಡುವ ಸೀಮೆಯು, ಅದೇ ತೊಟ್ಟಿಲಿನ ಜೋಗುಳವನ್ನು ಮರೆಯುವುದು ನ್ಯಾಯವೇ?

ಈ ಮಾತಿಗೆ ಬರಬಹುದಾದ ಆಕ್ಷೇಪಣೆಗಳನ್ನು ವಿಚಾರಿಸೋಣ.

ತಮಗೆ ಕಂಠವಿಲ್ಲವೆಂದು ಅನೇಕ ತಂದೆಗಳು ಹೇಳುವರು. ಮಗುವು ಸಂಗೀತಸಭೆಯ ವಿಮರ್ಶಕನಲ್ಲ. ಶ್ರುತಿ ತಪ್ಪಿದ ತಂದೆಯ ದನಿಯಲ್ಲಿ ಅದು ಮೊದಲು ಕೇಳುವುದು ತಂದೆಯನ್ನು, ಆಮೇಲೆ ರಾಗವನ್ನು. ಪದ್ಯವನ್ನು ಹಾಡಲಾರದವರು ಓದಲಿ. ಕುಮಾರವ್ಯಾಸನ ಭಾಮಿನೀ ಷಟ್ಪದಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುವುವು. ಚಪ್ಪಾಳೆಯೊಡನೆ ಓದಿದರೆ ಆ ನಡಿಗೆಯು ಮಗುವಿನ ಅಂಗೈಗೆ ಹತ್ತುವುದು. ಛಂದಸ್ಸಿನ ಹೆಸರನ್ನು ಹತ್ತು ವರ್ಷಗಳ ಮೇಲೆ ಕಲಿತರೂ ಸಾಕು.

ಯಂತ್ರವು ನಮಗಿಂತ ಚೆನ್ನಾಗಿ ಹಾಡುವುದೆಂಬುದು ಎರಡನೆಯ ಆಕ್ಷೇಪಣೆ. ಹಾಡುವುದು ನಿಜ, ಆದರೆ ಮಗುವು ತಪ್ಪಿದೆಡೆಯಲ್ಲಿ ನಿಂತು ಕಾಯಲಾರದು, ಅದರ ಹೆಸರನ್ನು ಪದದೊಳಗೆ ಸೇರಿಸಿ ನಗಿಸಲಾರದು. ಯಂತ್ರವನ್ನು ನಾವು ದ್ವೇಷಿಸುವುದಿಲ್ಲ. ಒಂದು ಕಾಲದಲ್ಲಿ ಆಕಾಶವಾಣಿಯ ಪೆಟ್ಟಿಗೆಯ ಮುಂದೆ ಇಡೀ ಮನೆಯೇ ಒಟ್ಟಿಗೆ ಕುಳಿತು ಕೇಳುತ್ತಿತ್ತು. ಇಂದು ಒಬ್ಬೊಬ್ಬರ ಕಿವಿಗೆ ಒಂದೊಂದು ಹಾಡು ಎಂಬುದೇ ನಮ್ಮ ದುಃಖ. ಇಂಗ್ಲಿಷಿನ ಮೇಲೆಯೂ ನಮಗೆ ವೈರವಿಲ್ಲ. ಬ್ರೌನಿಂಗ್ ಕವಿಯು ಹಾಡಿದ ಜರ್ಮನಿಯ ಊರಿನ ಕಥೆಯನ್ನು ಕುವೆಂಪು ಅವರು ತುಂಗೆಯ ದಡಕ್ಕೆ ತಂದು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನಾಗಿ ಮಾಡಲಿಲ್ಲವೇ? ಹೊರಗಿನದು ಬರಲಿ, ಒಳಗಿನದನ್ನು ಹೊರಗಟ್ಟಿ ಬರುವುದು ಬೇಡ.

ಇದೆಲ್ಲವೂ ಶಾಲೆಯ ಕೆಲಸವೆಂಬುದು ಮೂರನೆಯದು. ಉಪಾಧ್ಯಾಯರು ಮಾಡಬಹುದಾದುದು ಬಹಳವಿದೆ. ಆದರೆ ಶಾಲೆಯಲ್ಲಿ ಪದ್ಯದ ಹಿಂದೆ ಪ್ರಶ್ನೆಯೂ, ಪ್ರಶ್ನೆಯ ಹಿಂದೆ ಅಂಕವೂ ನಿಂತಿರುವುವು. ಯಾವ ಪ್ರಶ್ನೆಯೂ ಹಿಂಬಾಲಿಸದಿರುವ ಪದ್ಯವನ್ನು ಮಗುವು ಮನೆಯಲ್ಲಿಯಾದರೂ ಒಮ್ಮೆ ಕೇಳಬೇಡವೇ? ಸುಖಕ್ಕಾಗಿ ಕೇಳಿದ ಪದ್ಯವು ಮುಪ್ಪಿನವರೆಗೂ ಬಾಯಲ್ಲಿರುವುದು. ಅಂಕಕ್ಕಾಗಿ ಕಲಿತುದು ಪರೀಕ್ಷೆಯೊಡನೆಯೇ ಮುಗಿಯುವುದು. ಇದಕ್ಕೆ ವಾಚಕರ ಸ್ವಂತ ಅನುಭವವೇ ಪ್ರಮಾಣವಾಗಿದೆ.

ನಾವು ಕೇಳಿಕೊಳ್ಳುವುದು ದೊಡ್ಡ ವ್ರತವನ್ನಲ್ಲ. ಸಂಜೆ ದೀಪ ಹೊತ್ತಿಸಿದ ಮೇಲೆ ಕಾಲು ಗಂಟೆ ಸಾಕು. ಹಿರಿಯರು ಒಂದು ಪದ ಹೇಳಲಿ. ಮಗುವು ಬಯಸಿದರೆ ದನಿಗೂಡಿಸಲಿ, ಬಯಸದಿದ್ದರೆ ನಿದ್ದೆಹೋಗಲಿ. ಬಂದವರೆದುರು ನಿಲ್ಲಿಸಿ ಹಾಡಿಸುವುದು ಬೇಡ. ಬೀಸುವ ಕಲ್ಲಿನೊಡನೆ ಅದರ ಪದಗಳಿಗೆ ನೆಲೆ ತಪ್ಪಿದರೂ, ಕೈಗೆ ಕೆಲಸವಿದ್ದು ಬಾಯಿ ಬಿಡುವಾಗಿರುವ ಹೊತ್ತು ಇನ್ನೂ ಉಳಿದಿದೆ. ಮಾಗಡಿಯ ಸೀಮೆಯಲ್ಲಿ ಅವರೆ ಹಿತುಕುವುದು ಅಂತಹ ಹೊತ್ತು. ಉಪಾಧ್ಯಾಯ ಮಹಾಶಯರು ತಿಂಗಳಿಗೊಮ್ಮೆ, ಮನೆಯ ಹಿರಿಯರಿಂದ ಒಂದು ಪದವನ್ನು ಕೇಳಿ ಬರುವಂತೆ ಮಕ್ಕಳಿಗೆ ಹೇಳಲಿ. ಬರೆದು ತಂದ ಹಾಳೆಗೆ ಅಂಕವನ್ನು ಮಾತ್ರ ಹಾಕದಿರಲಿ. ಮೊಬೈಲೂ ನೆರವಾಗಲಿ: ಅಜ್ಜಿಯ ದನಿಯನ್ನು ಅದರಲ್ಲಿ ಹಿಡಿದಿಡಬಹುದು. ಆ ಸಾಧನವು ಕೈಯಲ್ಲಿದ್ದೂ ನಾವು ಹಾಗೆ ಮಾಡಲಿಲ್ಲವೆಂಬ ಕೊರಗು ನಮ್ಮನ್ನು ಬಿಟ್ಟಿಲ್ಲ.

ನ್ಯಾಯಾಲಯದಲ್ಲಿ ಕಾಲಮಿತಿ ಮೀರಿದ ಮೇಲ್ಮನವಿಗೂ ವಿಳಂಬವನ್ನು ಮನ್ನಿಸುವಂತೆ ಕೇಳಿಕೊಳ್ಳಬಹುದಾದ ಸಂದರ್ಭಗಳುಂಟು. ಹಿರಿಯರೊಡನೆ ಹೋದ ಪದಕ್ಕೆ ಅಂತಹ ಮನವಿಯಿಲ್ಲ. ತಿಪ್ಪಸಂದ್ರದ ಆ ಅಜ್ಜಿಯವರು ಇನ್ನೂ ಇರುವರು, ಆ ಪದದ ಉಳಿದ ನುಡಿಗಳೂ ಅವರ ಬಾಯಲ್ಲಿರುವುವು. ವಾಚಕರ ಮನೆಯಲ್ಲಿಯೂ ಅಂತಹ ಹಿರಿಯರೊಬ್ಬರಿದ್ದರೆ, ಇಂದಿನ ಸಂಜೆಯೇ ಮಗುವನ್ನು ಅವರ ಮಗ್ಗುಲಿಗೆ ಕುಳ್ಳಿರಿಸಿ, ತಾವೂ ಬಳಿಯಲ್ಲಿ ಕುಳಿತು ಕೇಳಬೇಕೆಂದು ಪ್ರಾರ್ಥಿಸುವೆವು.