ಅರಿವಿನ ಕೊರತೆ ಯಾರದು?

‘ರೈತರಿಗೆ ವಿಮೆಯ ಅರಿವಿಲ್ಲ, ಅದಕ್ಕೇ ಪರಿಹಾರ ಕೈತಪ್ಪುತ್ತಿದೆ’ ಎಂದು ಬರೆಯುವವರು ಫಸಲ್ ಬಿಮಾ ಬೆಳೆ ವಿಮೆಯ ನಿಯಮ ಓದಿದಂತಿಲ್ಲ. ಮುಂಗಾರಿನ ರಾಗಿಗೆ ರೈತ ಶೇ 2ರ ಕಂತು ಕಟ್ಟುವುದು ತನ್ನ ಹೊಲಕ್ಕೆ. ಬರದ ನಷ್ಟ ಅಳೆಯುವುದು ಇಡೀ ಗ್ರಾಮ ಪಂಚಾಯಿತಿಗೆ, ಕೆಲವು ಬೆಳೆಗಳಿಗಂತೂ ಹೋಬಳಿಗೆ. ಆರಿಸಿದ ಕೆಲವೇ ತಾಕುಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಸಿ, ತೆನೆ ಬಡಿದು, ಕಾಳು ತೂಗಿ ಸರಾಸರಿ ತೆಗೆಯುತ್ತಾರೆ. ಪಂಚಾಯಿತಿಯ ಒಂದು ಮಗ್ಗುಲಿಗೆ ಮಳೆ ಬಿದ್ದು ರಾಗಿ ತೂಗಿ ಸರಾಸರಿ ಏರಿತೋ, ಇನ್ನೊಂದು ಮಗ್ಗುಲಲ್ಲಿ ಒಣಗಿಸಿಕೊಂಡವನಿಗೆ ಚಿಕ್ಕಾಸೂ ಇಲ್ಲ. ಆಲಿಕಲ್ಲಿನ ಹಾನಿಗೆ ಹೊಲವಾರು ಲೆಕ್ಕವಿದೆ, ನಿಜ. ಆದರೆ 72 ಗಂಟೆಯೊಳಗೆ ದೂರು ಕೊಡಬೇಕು (ಕರೆಂಟು ಹೋಗಿ ಮೊಬೈಲ್ ಸತ್ತಿದ್ದರೂ!). ಅರಿವಿನ ಶಿಬಿರ ಆಮೇಲಿರಲಿ. ಮೊದಲು ಆ ಕಟಾವಿನ ತೂಕದ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ.