ಅಳದ ಮಗುವನ್ನು ಕಂಡು ಹಿಗ್ಗುವ ಮುನ್ನ

"ಇಂಜೆಕ್ಷನ್ ಚುಚ್ಚಿದರೂ ಅಳಲಿಲ್ಲ, ನಮ್ಮ ಮಗು ಗಟ್ಟಿ" ಎಂದು ಕೆಲವು ಉಮ್ಮಂದಿರು ಖುಷಿಯಿಂದ ಹೇಳುವುದುಂಟು. ಹೆಚ್ಚಿನ ಮಕ್ಕಳ ಮಟ್ಟಿಗೆ ಅದು ಖುಷಿಯ ವಿಷಯವೇ. ಆದರೆ ಆ ಮಗುವಿಗೆ ಬೆವರೂ ಇಲ್ಲ, ಕಾರಣವಿಲ್ಲದೆ ಪದೇ ಪದೇ ಜೋರು ಜ್ವರ, ಹಲ್ಲು ಬಂದ ಮೇಲೆ ತನ್ನದೇ ನಾಲಗೆ, ಬೆರಳು ಕಚ್ಚಿ ಗಾಯ ಮಾಡಿಕೊಳ್ಳುತ್ತದೆ ಎಂದಾದರೆ ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು.

ಸಿಐಪಿಎ ಎಂಬ ಬಹಳ ಅಪರೂಪದ ವಂಶಪಾರಂಪರ್ಯ ಕಾಯಿಲೆಯಿದೆ. ಇದಕ್ಕೆ ಕಾರಣವಾದ ಜೀನ್ ದೋಷವನ್ನು 1996ರಲ್ಲಿ ಜಪಾನಿನ ಸಂಶೋಧಕರು ಪತ್ತೆ ಮಾಡಿದರು. ನೋವು, ಬಿಸಿ ತಿಳಿಸುವ ನರಗಳೇ ಈ ಮಕ್ಕಳಲ್ಲಿ ಬೆಳೆದಿರುವುದಿಲ್ಲ. ಕಾದ ಕಾವಲಿ ಮುಟ್ಟಿದರೂ ಕೈ ಹಿಂದೆ ಬರುವುದಿಲ್ಲ. ಮೂಳೆ ಮುರಿದರೂ ಅದೇ ಕಾಲಲ್ಲಿ ಓಡುತ್ತವೆ. ಬೆವರದ ಮೈ ತಣ್ಣಗಾಗದೆ, ಸೆಕೆಯಲ್ಲಿ ಜ್ವರ ಏರಿ ಜೀವಕ್ಕೇ ಅಪಾಯ.

ಗಾಯ ಕಂಡ ನೆರೆಯವರು ಹೆತ್ತವರೇ ಹೊಡೆದರೆಂದು ಶಂಕಿಸುತ್ತಾರೆ, ಇಲ್ಲವೇ ಜಿನ್ನಿನ ಉಪದ್ರ ಎನ್ನುತ್ತಾರೆ. ದುಆ ಮಾಡೋಣ, ಊದಿದ ನೀರೂ ಕುಡಿಸಲಿ. ಡಾಕ್ಟರನ್ನು ಬಿಟ್ಟು ಮಾತ್ರ ಅಲ್ಲ. ಬೆತ್ತ ಹಿಡಿಯುವ ಉಸ್ತಾದರಿಗೆ (ಈಗಲೂ ಕೆಲವರಿದ್ದಾರೆ) ಇಂಥ ಮಗು ಅಳದಿರುವುದು ಹಠವೆಂದೇ ಕಂಡೀತು. ಗುಣಪಡಿಸುವ ಮದ್ದು ಇನ್ನೂ ಇಲ್ಲ. ಕಾಯುವುದೇ ಚಿಕಿತ್ಸೆ: ದಿನಾ ರಾತ್ರಿ ತಲೆಯಿಂದ ಪಾದದವರೆಗೆ ಗಾಯ, ಬಾವು ನೋಡಬೇಕು, ಸ್ನಾನದ ನೀರಿನ ಬಿಸಿಯನ್ನು ದೊಡ್ಡವರು ಮುಟ್ಟಿ ನೋಡಬೇಕು, ಸೆಕೆಯಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸಬೇಕು. ಶೀಟಿನ ಮಾಡಿನಡಿ ನಡೆಯುವ ಮದ್ರಸಗಳಲ್ಲಿ ಫ್ಯಾನಿನ ಕೆಳಗೆ ಜಾಗ ಕೊಡಬೇಕು.

ಇಂಥ ಮಗು ಹುಟ್ಟಿದರೆ ಸೊಸೆಯನ್ನು ದೂರುವುದನ್ನು ನಾವು ಒಪ್ಪುವುದಿಲ್ಲ. ತಂದೆ, ತಾಯಿ ಇಬ್ಬರಲ್ಲೂ ಆ ದೋಷ ಅಡಗಿದ್ದರೆ ಮಾತ್ರ ಮಗುವಿಗೆ ಕಾಯಿಲೆ. ಆಗ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಅದು ಇರುವ ಸಂಭವ ಹೆಚ್ಚು. ಕುಲದೊಳಗೇ ಮದುವೆ ರೂಢಿಯಿರುವ, ಇಸ್ರೇಲಿನ ನೆಗೆವ್ ಮರುಭೂಮಿಯ ಬೆದೂಯಿನ್ ಮುಸ್ಲಿಮರಲ್ಲಿ ಈ ಕಾಯಿಲೆ ಬೇರೆಡೆಗಿಂತ ಹೆಚ್ಚು ಕಂಡಿದೆ. ದೊಡ್ಡಪ್ಪ, ಮಾವನ ಮಕ್ಕಳೊಂದಿಗೆ ನಿಖಾಹ್ ದೀನಿನಲ್ಲಿ ಅನುವದನೀಯ ಅಷ್ಟೇ, ಕಡ್ಡಾಯವಲ್ಲ. ಕುಟುಂಬದಲ್ಲಿ ಒಂದು ಮಗುವಿಗೆ ಈ ಕಾಯಿಲೆಯಿದ್ದರೆ, ಸಂಬಂಧದೊಳಗೆ ಮಾತುಕತೆಗೆ ಮೊದಲು ಜೀನ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಲಿ. ಸೌದಿಯಲ್ಲಿ 2004ರಿಂದ ಮದುವೆಗೆ ಮುಂಚೆ ಥಲಸ್ಸೀಮಿಯಾ, ಸಿಕಲ್ ಸೆಲ್ ಪರೀಕ್ಷೆ ಕಡ್ಡಾಯ. ಅಲ್ಲಿ ದುಡಿದು ಬಂದವರಿಗೆ ಇದು ಹೊಸತಲ್ಲ.

ಹಾಗೆಂದು ಆ ಮಗುವಿನ ಅಕ್ಕ, ಅಣ್ಣಂದಿರ ಸಂಬಂಧ ಮುರಿಯುವುದು ತಪ್ಪು. ಅವರಲ್ಲಿ ದೋಷ ಅಡಗಿದ್ದರೂ, ಕೈ ಹಿಡಿಯುವವರಲ್ಲಿ ಇಲ್ಲದಿದ್ದರೆ ಹುಟ್ಟುವ ಮಕ್ಕಳಿಗೆ ಈ ಕಾಯಿಲೆ ಬರುವುದಿಲ್ಲ.